ಚಿಕ್ಕಮ್ಮನ ಮಗಳ ಮನೆ

ಮನೆ ನೋಡಲು ಬರುವವರಿಗೆ ನಾಚಿಕೆ ಎಂಬುದೇ ಇರುವುದಿಲ್ಲ. ಭಾನುವಾರ ಮಧ್ಯಾಹ್ನ ಬಂದ ಹಿಂಡು ಬಚ್ಚಲಿನ ನಲ್ಲಿ ತಿರುಗಿಸಿತು, ಒಲೆ ಹಚ್ಚಿ ಆರಿಸಿತು, ಮಲಗುವ ಕೋಣೆಯ ಕಪಾಟು ತೆಗೆದು ಸತ್ತವಳ ಕೋಟುಗಳನ್ನು ಆಚೀಚೆ ಸರಿಸಿ ಒಳಗೆ ಎಷ್ಟು ಆಳವಿದೆ ಎಂದು ಮೊಳ ಹಾಕಿತು. ಸಂತೆಯಲ್ಲಿ ಎಮ್ಮೆ ಕೊಳ್ಳುವವರಾದರೂ ಮೊದಲು ಒಂದು ಸಲ ಬೆನ್ನು ಸವರಿ ಆಮೇಲೆ ಹಲ್ಲು ನೋಡುತ್ತಾರೆ. ಬರ್ನಡೀನ್ ಅಡುಗೆಮನೆಯ ಸ್ಟೂಲಿನ ಮೇಲೆ ಕೈ ಕಟ್ಟಿಕೊಂಡು ಕುಳಿತಿದ್ದಳು. ಮನೆ ತೋರಿಸುವ ಹೊತ್ತಿನಲ್ಲಿ ಮನೆಯವರು ಇರಬಾರದು, ಎಲ್ಲಾದರೂ ಹೋಗಿ ಕಾಫಿ ಕುಡಿದು ಬನ್ನಿ ಎಂದು ದಲ್ಲಾಳಿ ಮಾರಿಸೋಲ್ ಬಡಕೊಂಡಿದ್ದಳು. ಎಪ್ಪತ್ತು ದಾಟಿದ ಬರ್ನಡೀನ್‌ಗೆ ತನ್ನ ಮನೆಯಿಂದ ಹೊರಗೆ ಹೋಗುವುದನ್ನು ಈಗಲೇ ಅಭ್ಯಾಸ ಮಾಡಿಕೊಳ್ಳಲು ಇಷ್ಟವಿರಲಿಲ್ಲ.

"ಮಹಾಯುದ್ಧಕ್ಕೆ ಮುಂಚೆ ಕಟ್ಟಿದ್ದು ನೋಡಿ," ಎಂದು ಮಾರಿಸೋಲ್ ಹಜಾರದಲ್ಲಿ ರಾಗ ಎಳೆಯುತ್ತಿದ್ದಳು. "ಇಂಥ ಗೋಡೆ ಈಗ ಯಾರು ಕಟ್ತಾರೆ? ಪಕ್ಕದ ಮನೇಲಿ ಮದ್ವೆ ಆದ್ರೂ ನಿಮಗೆ ಕೇಳ್ಸಲ್ಲ. ನೆಲ ನೋಡಿ, ಓಕ್ ಮರ, ಒಂದೊಂದು ಪಟ್ಟೀನೂ ಕೈಯಲ್ಲೇ ಕೂರ್ಸಿದ್ದು. ಬೆಡ್‌ರೂಮು ಒಂದೇ, ಒಪ್ಕೋತೀನಿ. ಆದ್ರೆ ಹಜಾರ ನೋಡಿ, ಕುಣೀಬಹುದು!"

"ಇಲ್ಲಿ ಇಬ್ರು ಇದ್ರಂತಲ್ಲ?" ಎಂದು ಗಡ್ಡದವನೊಬ್ಬ ಕೇಳಿದ.

"ಹೂಂ, ಅಕ್ಕತಂಗಿ ಮಕ್ಕಳು. ಒಬ್ರು ಒಳಗೆ, ಒಬ್ರು ಈ ಸೋಫಾದಲ್ಲಿ. ಎಳೆದ್ರೆ ಹಾಸಿಗೆ ಆಗುತ್ತೆ."

"ನಲವತ್ತು ವರ್ಷ ಸೋಫಾದಲ್ಲಾ? ಅಯ್ಯೋ ಪಾಪ," ಎಂದಳು ಅವನ ಹೆಂಡತಿ.

ಅವಳು ಎಷ್ಟು ಸಲೀಸಾಗಿ ಅವನ ಹೆಂಡತಿಯಾಗಿದ್ದಳು ಎಂದರೆ, ಬಾಗಿಲಲ್ಲಿ ಪರಿಚಯ ಹೇಳಿಕೊಳ್ಳುವಾಗ ಆ ಮಾತನ್ನು ಹೆಸರಿನ ಜೊತೆಗೇ ಉದುರಿಸಿಬಿಟ್ಟಿದ್ದಳು. ಅಡುಗೆಮನೆಯಲ್ಲಿದ್ದ ಬರ್ನಡೀನ್‌ಗೆ ಹೊಟ್ಟೆ ಉರಿಯಿತು. ಉರಿಯಲಿ, ಆ ಉರಿಗೆ ಕಾರಣವಿತ್ತು.

ಮನೆ ಮೇವಿಸ್ ಕಾನ್ರಾಯ್‌ಳದು. ಮೇವಿಸ್ ಫೆಬ್ರುವರಿಯಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿ ಸತ್ತಳು, ಸಾಯುವ ಮುಂಚೆ ಮನೆಯನ್ನು ಬರ್ನಡೀನ್‌ಗೇ ಬರೆದಿದ್ದಳು. ಆದರೆ ಕ್ವೀನ್ಸಿನ ಜಾಕ್ಸನ್ ಹೈಟ್ಸಿನಲ್ಲಿ ಇಂಥ ಕಟ್ಟಡಗಳ ಮನೆ ಯಾರಪ್ಪನದೂ ಅಲ್ಲ. ಕಟ್ಟಡ ಎಲ್ಲರದು, ನಮ್ಮ ಕೈಯಲ್ಲಿರುವುದು ಅದರ ಷೇರು. ಷೇರು ಯಾರ ಕೈಗಾದರೂ ಬರಲಿ, ಬಾಗಿಲೊಳಗೆ ಬಾಳಲು ಬಿಡುವವರು ಕಟ್ಟಡದವರೇ ಆರಿಸಿದ ಬೋರ್ಡಿನ ಐದು ಜನ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತನ್ನು ಯಾರು ಕಟ್ಟಿದರೋ, ಈ ಬೋರ್ಡುಗಳನ್ನು ನೋಡಿಯೇ ಕಟ್ಟಿರಬೇಕು. ಬರ್ನಡೀನ್ ಹರೆಯದಿಂದಲೂ ದೊಡ್ಡ ಅಂಗಡಿಯೊಂದರಲ್ಲಿ ಕೈಗವಸು ಮಾರುತ್ತಿದ್ದವಳು. ಅವಳ ಪಿಂಚಣಿ ನೋಡಿ ಬೋರ್ಡಿನವರು, ಇಷ್ಟರಲ್ಲಿ ನೀವು ಕಟ್ಟಡದ ತಿಂಗಳ ಖರ್ಚು ತೂಗಿಸಲಾರಿರಿ, ಷೇರು ಮಾರಿಕೊಳ್ಳಿ ಎಂದರು. ಗಂಡನೋ ಹೆಂಡತಿಯೋ ಆಗಿದ್ದರೆ ಅವರು ಕೇಳುವಂತೆಯೇ ಇರಲಿಲ್ಲ, ಮನೆ ತಾನಾಗಿ ಬರುತ್ತಿತ್ತು. ಬರ್ನಡೀನ್ ಅವರ ಲೆಕ್ಕದಲ್ಲಿ ಮೇವಿಸ್‌ಳ ಚಿಕ್ಕಮ್ಮನ ಮಗಳು.

ಚಿಕ್ಕಮ್ಮನ ಮಗಳೂ ಅಲ್ಲ, ದೊಡ್ಡಮ್ಮನ ಮಗಳೂ ಅಲ್ಲ. ಒಬ್ಬಳು ಬ್ರಾಂಕ್ಸಿನ ಐರಿಶರವಳು, ಇನ್ನೊಬ್ಬಳು ಗ್ರೀನ್‌ಪಾಯಿಂಟಿನ ಪೋಲಿಶರವಳು. ಇಬ್ಬರ ರಕ್ತ ಸೇರಬೇಕಾದರೆ ಆದಾಮನವರೆಗೆ ಹೋಗಬೇಕು. ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಮನೆ ಕೇಳಲು ಬಂದಾಗ ಬೋರ್ಡಿನಲ್ಲಿ ಕೂತಿದ್ದವರು ಟೋಪಿ ಹಾಕಿಕೊಳ್ಳುವ ಮುದುಕರು. ಒಂದೇ ಮಲಗುವ ಕೋಣೆ, ಇಬ್ಬರು ಹೆಂಗಸರು, ಏನು ಸಂಬಂಧ ಎಂದು ಹುಬ್ಬು ಏರಿಸಿದರು. ಮೇವಿಸ್ ಚರ್ಚಿನ ಶಾಲೆಯ ಕಚೇರಿಯಲ್ಲಿದ್ದವಳು, ಸುಳ್ಳು ಹೇಳಿದರೆ ಕಿವಿ ಕೆಂಪಾಗುವವಳು. ಅವತ್ತು ಮಾತ್ರ ಅವಳ ಕಿವಿ ಬೆಳ್ಳಗೇ ಇತ್ತು. "ನಮ್ಮ ಅಮ್ಮಂದಿರು ಅಕ್ಕತಂಗೀರು," ಎಂದಳು. ಮುದುಕರು ತಲೆಯಾಡಿಸಿದರು.

ಆಮೇಲೆ ಆ ಸುಳ್ಳನ್ನು ಸಾಕಬೇಕಾಯಿತು. ಸುಳ್ಳು ಸಾಕುವುದೆಂದರೆ ಹಸು ಸಾಕಿದಷ್ಟೇ ಕೆಲಸ, ದಿನಾ ಮೇವು ಹಾಕಬೇಕು. ಹೊತ್ತಾರೆ ಎದ್ದ ಕೂಡಲೇ ಮೇವಿಸ್ ಹಜಾರದ ಸೋಫಾ ಎಳೆದು, ಹೊದಿಕೆ ಹಾಸಿ, ದಿಂಬಿಗೆ ಒಂದು ಗುದ್ದು ಗುದ್ದಿ, ಯಾರೋ ರಾತ್ರಿಯೆಲ್ಲ ಹೊರಳಾಡಿದಂತೆ ಕೆದರಿ ಇಡುತ್ತಿದ್ದಳು. ಎದುರು ಬಾಗಿಲಿನ ಅಸುಂತಾ ಕಾಫಿಗೆ ಬರುವಳಲ್ಲ, ಅವಳ ಕಣ್ಣಿಗೆ ಬೀಳಲಿ ಎಂದು. ಫೋಟೋ ತೆಗೆಸುವಾಗಲೆಲ್ಲ ತಮ್ಮಿಬ್ಬರ ಮಧ್ಯೆ ಮೂರನೆಯವರನ್ನು ನಿಲ್ಲಿಸುತ್ತಿದ್ದಳು. ಸ್ಕ್ರಾಂಟನ್ ಊರಿನಲ್ಲಿ ಇಬ್ಬರಿಗೂ ಸೇರಿದ ಒಬ್ಬ ಅಜ್ಜಿಯನ್ನು ಹುಟ್ಟಿಸಿ ಅವಳಿಗೆ ಹಾನೋರಾ ಎಂದು ಹೆಸರಿಟ್ಟರು. ಅಜ್ಜಿಗೆ ಮಂಡಿನೋವು ಬರಿಸಿದರು, ಕೋಪ ಬರಿಸಿದರು. ಲೆಕ್ಕದ ಪ್ರಕಾರ ನೂರು ದಾಟುತ್ತಿದ್ದಾಳೆ ಎಂದು ಗೊತ್ತಾದಾಗ ಗಾಬರಿಯಾಗಿ ಒಂದು ಚಳಿಗಾಲದಲ್ಲಿ ಸಾಯಿಸಿಬಿಟ್ಟರು. ಅಸುಂತಾ ಕಣ್ಣೀರು ಹಾಕಿ, ತನ್ನ ಖರ್ಚಿನಲ್ಲಿ ಚರ್ಚಿನಲ್ಲಿ ಆ ಅಜ್ಜಿಯ ಆತ್ಮಕ್ಕೆ ಪೂಜೆ ಮಾಡಿಸಿದಳು. ಅವತ್ತು ಮನೆಗೆ ಬಂದು ಬಾಗಿಲು ಹಾಕಿಕೊಂಡು ಇಬ್ಬರೂ ನಕ್ಕಿದ್ದೇ ನಕ್ಕಿದ್ದು, ಮೇವಿಸ್‌ಗೆ ಬಿಕ್ಕಳಿಕೆ ಹತ್ತಿಬಿಟ್ಟಿತ್ತು.

ಕಾಲ ಬದಲಾಯಿತು. ಹೆಂಗಸರು ಹೆಂಗಸರನ್ನು ಮದುವೆಯಾಗಬಹುದು ಎಂದು ಸರ್ಕಾರವೇ ಹೇಳಿದ ವರ್ಷ ಬರ್ನಡೀನ್ ಸುತ್ತು ಬಳಸದೆ ಕೇಳಿದ್ದಳು: "ಹೋಗೋಣ್ವಾ?"

"ಎಲ್ಲಿಗೆ?"

"ಎಲ್ಲಿಗೆ ಅಂತೆ! ಮದ್ವೆಗೆ."

ಮೇವಿಸ್ ಇಸ್ತ್ರಿ ಮಾಡುತ್ತಿದ್ದವಳು ತಲೆ ಎತ್ತಲಿಲ್ಲ. "ಕಟ್ಟಡದೋರೆಲ್ಲ ಏನಂತಾರೆ ಬರ್ನಿ? ಇಷ್ಟು ವರ್ಷ ಸುಳ್ಳು ಹೇಳ್ಕೊಂಡು ಬಂದ್ರು ಅಂತಾರೆ. ಪೂಜೆ ಮಾಡಿಸಿದ್ಳಲ್ಲ ಅಸುಂತಾ, ಅವಳ ಮುಖ ಹೆಂಗೆ ನೋಡ್ಲಿ? ಈಗ ಈ ವಯಸ್ಸಲ್ಲಿ ಸುಳ್ಳುಗಾತಿ ಅನ್ನಿಸ್ಕೋಬೇಕಾ ನಾನು?" ಬರ್ನಡೀನ್ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಮೇವಿಸ್ ಅವಳಿಗೆ ಇಷ್ಟವಾದ ಎಲೆಕೋಸಿನ ಕಡುಬು ಮಾಡಿದಳು, ಅಲ್ಲಿಗೆ ಮುಗಿಯಿತು.

ಮುಗಿಯಿತು ಎಂದುಕೊಂಡಿದ್ದು ಈಗ ಬಾಗಿಲಲ್ಲಿ ಬಂದು ನಿಂತಿತ್ತು, ಗಡ್ಡ ಬಿಟ್ಟುಕೊಂಡು, ಹೆಂಡತಿಯನ್ನು ಕಟ್ಟಿಕೊಂಡು.

ನೋಡುವವರೆಲ್ಲ ಹೋದ ಮೇಲೆ ಮಾರಿಸೋಲ್ ಸೋಫಾವನ್ನು ಮಡಚಲು ಹೋದಳು. ಹಾಸಿಗೆಯನ್ನು ಅಂಗೈಯಿಂದ ಒತ್ತಿದಳು, ಇನ್ನೊಮ್ಮೆ ಒತ್ತಿದಳು. ಆಮೇಲೆ ಮಲಗುವ ಕೋಣೆಗೆ ಹೋಗಿ ಬಂದು ಅಡುಗೆಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಮ್ಮಾ, ನಾನು ಮನೆ ಮಾರೋದು ಹದಿನೈದು ವರ್ಷದಿಂದ. ಹಾಸಿಗೆ ನನ್ ಹತ್ರ ಸುಳ್ಳು ಹೇಳಲ್ಲ. ಈ ಸೋಫಾದಲ್ಲಿ ಯಾವ ನರಪಿಳ್ಳೇನೂ ಮಲಗಿಲ್ಲ, ಸ್ಪ್ರಿಂಗು ಇನ್ನೂ ಅಂಗಡೀಲಿದ್ದ ಹಂಗೇ ಇದೆ. ಒಳಗಿನ ಮಂಚದಲ್ಲಿ ಎರಡು ಹಳ್ಳ ಬಿದ್ದಿದೆ. ಪಕ್ಕಪಕ್ಕದಲ್ಲೇ."

ಬರ್ನಡೀನ್ ಕಟ್ಟಿದ ಕೈ ಬಿಚ್ಚಿದಳು. "ನಂಗೆ ಬೆನ್ನುನೋವು, ಆಗಾಗ ಒಳಗೆ…"

"ಬಿಡೀಮ್ಮ! ನನ್ನ ಸ್ವಂತ ಚಿಕ್ಕಮ್ಮನೇ ಬೊಗೋಟಾದಲ್ಲಿ ಒಬ್ಬ ಸ್ನೇಹಿತೆ ಜೊತೆ ಮೂವತ್ತು ವರ್ಷದಿಂದ ಇದಾಳೆ. ನಮಗೇನು ಕಣ್ಣಿಲ್ವಾ?" ಮಾರಿಸೋಲ್ ಇನ್ನೊಂದು ಸ್ಟೂಲು ಎಳೆದುಕೊಂಡು ಕುಳಿತಳು. "ನಾನು ನನ್ ಕಮಿಷನ್ನಿಗೆ ನಾನೇ ಕಲ್ಲು ಹಾಕ್ಕೋತಿದೀನಿ, ಕೇಳಿ. ಮದ್ವೆ ಆಗದಿದ್ರೂ ದಂಪತಿಗಳ ಹಂಗೆ ಬಾಳಿದೋರಿಗೆ ಮನೆ ಹೋಗ್ಬಹುದು ಅಂತ ನಿಮ್ಮ ಬೋರ್ಡೇ ಹೋದ ವರ್ಷ ನಿಯಮ ತಿದ್ದಿದೆ. ಮೇಲ್ಗಡೆ ಆ ಏರನ್ ಇದಾನಲ್ಲ, ಅಧ್ಯಕ್ಷ, ಅವನೇ ಮಾಡ್ಸಿದ್ದು. ಹೋಗಿ ಒಂದು ಮಾತು ಹೇಳಿ. ಒಂದೇ ಮಾತು!"

"ಯಾವ ಮಾತು?"

"ನಾನು ಅವಳ ಹೆಂಡ್ತಿ ಅಂತ."

ಆ ಮಾತನ್ನು ಬರ್ನಡೀನ್ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಮಾರಿಸೋಲ್ ಹೋದ ಮೇಲೆ ಬಚ್ಚಲಿನ ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದಳು. ಮೊದಲ ಸಲ ನಗು ಬಂತು. ಎರಡನೆಯ ಸಲ ಬಚ್ಚಲಿನ ಅಂಚು ಹಿಡಿದು ಕುಳಿತು ಗೊಳೋ ಎಂದು ಅತ್ತಳು. ಫೆಬ್ರುವರಿಯಿಂದ ಹೀಗೆ ಅತ್ತಿರಲಿಲ್ಲ. ಮಣ್ಣು ಮಾಡುವ ದಿನವೂ ಚಿಕ್ಕಮ್ಮನ ಮಗಳು ಎಷ್ಟು ಅಳಬಹುದೋ ಅಷ್ಟೇ ಅತ್ತಿದ್ದಳು, ಕರವಸ್ತ್ರದ ತುದಿಯಲ್ಲಿ. ಮನೆ ಉಳಿಯುತ್ತದೆ ಎನ್ನುವುದಕ್ಕಿಂತ ಆ ಒಂದು ಮಾತನ್ನು ಹೇಳಬಹುದು, ಹೇಳಿದರೆ ನಾಲ್ಕು ಜನ ಹೌದು ಎನ್ನುತ್ತಾರೆ ಎನ್ನುವುದೇ ಅವಳಿಗೆ ದೊಡ್ಡದಾಗಿ ಕಂಡಿತು.

ಏರನ್ ಫೆಲ್ಡ್‌ಸ್ಟೈನ್ ಆರನೆಯ ಮಹಡಿಯಲ್ಲಿ ತನ್ನ ಗಂಡ ಮತ್ತು ಒಂದು ಕುರುಡು ನಾಯಿಯ ಜೊತೆ ಇದ್ದ. ಬರ್ನಡೀನ್ ಬಾಗಿಲಲ್ಲೇ ನಿಂತು ಹೇಳಿಬಿಟ್ಟಳು, ಒಳಗೆ ಹೋಗಿ ಕುಳಿತರೆ ಧೈರ್ಯ ಜಾರೀತು ಎಂದು. ಏರನ್ ಅವಳ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು.

"ಬರ್ನಡೀನ್ ಅವರೇ, ನಲವತ್ತು ವರ್ಷ ಬಾಯಿ ಮುಚ್ಕೊಂಡಿದ್ರಾ? ನಾವು ಮೇಲ್ಗಡೆನೇ ಇದ್ವಲ್ಲ! ಒಂದು ದಿನ ಊಟಕ್ಕಾದ್ರೂ ಕರೀತಿದ್ವಲ್ಲ!"

"ಮೇವಿಸ್‌ಗೆ ಸಂಕೋಚ."

"ಮುಗೀತು ಬಿಡಿ, ಮನೆ ನಿಮ್ದೇ. ಗುರುವಾರ ಬೋರ್ಡು ಸೇರುತ್ತೆ. ನಿಯಮದಲ್ಲಿ ಒಂದೇ ಒಂದು ಇದೆ, ಕಟ್ಟಡದೋರು ಯಾರಾದ್ರೂ ಒಬ್ರು ಬಂದು ಹೌದು, ಇವರು ಹಂಗೇ ಬಾಳಿದ್ರು ಅನ್ಬೇಕು. ನಿಮಗೆ ಅದೇನು ಕಷ್ಟ? ಅಸುಂತಾ ಇದಾರಲ್ಲ."

ಕಷ್ಟವೇನು? ಅಸುಂತಾ ರಿಜ್ಜೂತೊಗೆ ಹೇಳುವುದೇ ಕಷ್ಟ. ಅಸುಂತಾ ಎಂಬತ್ತು ದಾಟಿದ ವಿಧವೆ, ಇಡೀ ಕಟ್ಟಡಕ್ಕೆ ಹಿರಿಯಳು, ದಿನಾ ಪೂಜೆಗೆ ಹೋಗುವವಳು, ಸತ್ತ ಗಂಡ ಕಾರ್ಮೈನ್‌ನನ್ನು ಈಗಲೂ ಹೆಸರು ಹಿಡಿದು ಬಯ್ಯುವವಳು. ಬರ್ನಡೀನ್ ಬುಧವಾರ ಅವಳ ಅಡುಗೆಮನೆಗೆ ಹೋದಳು. ಅಸುಂತಾ ಬದನೆಕಾಯಿಗೆ ಉಪ್ಪು ಸವರುತ್ತಿದ್ದಳು.

"ನಾಳೆ ಬೋರ್ಡಿನೋರು ನಿನ್ನ ಕರೀತಾರೆ ಕಣೇ," ಎಂದಳು ಬರ್ನಡೀನ್. "ನಂದೂ ಮೇವಿಸ್‌ದೂ ವಿಷ್ಯ ಕೇಳ್ತಾರೆ."

"ಕೇಳ್ಲಿ. ಕೇಳೋದೇ ಅವರ ಕೆಲ್ಸ. ಹಿಂದೆ ನನ್ನ ಬೆಕ್ಕಿನ ವಿಷ್ಯಾನೂ ಕೇಳಿದ್ರು."

ಬರ್ನಡೀನ್ ಬಾಯಿ ತೆರೆದಳು. ಆರನೆಯ ಮಹಡಿಯ ಅರೆಪರಿಚಿತನಿಗೆ ಹೇಳಿದ್ದು ಎದುರು ಬಾಗಿಲಿನ ಗೆಳತಿಗೆ ಹೇಳಲಾಗಲಿಲ್ಲ. "ನೀನು… ಇದ್ದದ್ದು ಇದ್ದಂಗೆ ಹೇಳು. ಅಷ್ಟೇ. ಕಣ್ಣಾರೆ ನೋಡಿದೀಯಲ್ಲ."

ಅಸುಂತಾ ಉಪ್ಪಿನ ಕೈ ನಿಲ್ಲಿಸಿ ಅವಳ ಮುಖವನ್ನೇ ನೋಡಿದಳು. "ಇದ್ದದ್ದು ಇದ್ದಂಗೆ?"

"ಹೂಂ."

"ಸರಿ, ಬರ್ತೀನಿ ಹೋಗು," ಎಂದು ಅಸುಂತಾ ಮತ್ತೆ ಬದನೆಕಾಯಿಯ ಕಡೆ ತಿರುಗಿದಳು. ಬಿಡಿಸಿ ಹೇಳದೆ ಬಂದದ್ದು ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಂತೆ ಎಂದು ಬರ್ನಡೀನ್‌ಗೆ ಹೊಳೆಯಲಿಲ್ಲ. ನಲವತ್ತು ವರ್ಷ ದಿನಾ ಕಾಫಿ ಕುಡಿದವಳಿಗೆ ಅಷ್ಟೂ ಅರ್ಥವಾಗುವುದಿಲ್ಲವೇ ಎಂದುಕೊಂಡಳು. ಕೂದಲು ಸೆಟ್ ಮಾಡಿಸಿಕೊಂಡು ಬಂದಳು. ಯಾಕೆಂದು ಕೇಳಿದ ಅಂಗಡಿಯ ಹುಡುಗಿಗೆ, ನಾಳೆ ಒಂದು ಶುಭಕಾರ್ಯ ಇದೆ ಎಂದಳು ಹುಚ್ಚಿ.

ಬೋರ್ಡು ಸೇರುವುದು ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ. ಗೋಡೆಯಾಚೆ ಯಾರದೋ ಬಟ್ಟೆ ಗಡಗಡ ಸುತ್ತುತ್ತಿತ್ತು. ಏರನ್ ಬರ್ನಡೀನ್‌ಗೆ ತನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿದ್ದ. ಉಳಿದ ನಾಲ್ವರೂ ಅವಳನ್ನು ನೋಡಿ ನಗುಮುಖ ಮಾಡಿದರು. ಒಬ್ಬಾಕೆ ಬಿಸ್ಕತ್ತು ತಂದಿದ್ದಳು. ಬರ್ನಡೀನ್‌ಗೆ ಮೈ ಹಗುರಾಯಿತು. ಅಯ್ಯೋ ಮೇವಿಸ್, ನೋಡೇ, ಇಷ್ಟೇ ಇದ್ದಿದ್ದು, ಇಷ್ಟಕ್ಕೆ ನಾವು ಸೋಫಾ ಎಳೆದೂ ಎಳೆದೂ ಸೊಂಟ ಮುರ್ಕೊಂಡ್ವಲ್ಲೇ ಎಂದು ಮನಸ್ಸಿನಲ್ಲೇ ಹೇಳಿದಳು.

ಅಸುಂತಾ ಕಪ್ಪು ಉಡುಪಿನಲ್ಲಿ, ಕತ್ತಿನಲ್ಲಿ ಶಿಲುಬೆ ಹಾಕಿಕೊಂಡು ಬಂದು ಕುಳಿತಳು. ಬರ್ನಡೀನ್ ಕಡೆ ನೋಡಲಿಲ್ಲ.

"ಅಸುಂತಾ ಅವರೇ," ಎಂದ ಏರನ್ ಮೆತ್ತಗೆ, "ಮೇವಿಸ್ಸೂ ಬರ್ನಡೀನೂ ಒಬ್ಬರಿಗೊಬ್ಬರು ಏನಾಗಿದ್ರು, ನಿಮಗೆ ತಿಳಿದಿದ್ದು ಹೇಳಿ."

"ಅಕ್ಕತಂಗಿ ಮಕ್ಕಳು."

"ಅದು ಹೊರಗೆ ಹೇಳ್ಕೊಂಡಿದ್ದು. ನಾವು ಕೇಳ್ತಿರೋದು…"

"ಹೊರಗೂ ಅದೇ ಒಳಗೂ ಅದೇ," ಎಂದಳು ಅಸುಂತಾ. "ಮೇವಿಸ್ ಒಳಗೆ ಮಂಚದ ಮೇಲೆ, ಇವಳು ಹಜಾರದ ಸೋಫಾದಲ್ಲಿ. ದಿನಾ ಬೆಳಿಗ್ಗೆ ನಾನೇ ನೋಡ್ತಿದ್ದೆ, ಹಾಸಿಗೆ ಇನ್ನೂ ಬೆಚ್ಚಗಿರ್ತಿತ್ತು. ಇವರ ಅಜ್ಜಿ ಹಾನೋರಾ ಸತ್ತಾಗ ಪೂಜೆಗೆ ದುಡ್ಡು ಕೊಟ್ಟೋಳು ನಾನು."

ಗೋಡೆಯಾಚೆ ಬಟ್ಟೆ ಸುತ್ತುತ್ತಲೇ ಇತ್ತು. ಬರ್ನಡೀನ್ ಎದ್ದು ನಿಂತಳು. "ಅಸುಂತಾ, ಅಜ್ಜಿ ಇರ್ಲಿಲ್ಲ ಕಣೇ. ಅಜ್ಜಿನ ನಾವು ಕಟ್ಟಿದ್ದು. ಸೋಫಾ… ಅದು ನಿಂಗೆ ತೋರಿಸೋಕೆ. ನಾನು ಅವಳ ಹೆಂಡ್ತಿ. ಮೊದಲ ದಿನದಿಂದ್ಲೂ ಹೆಂಡ್ತಿ."

ಅಸುಂತಾ ಮೇಜಿನ ಮೇಲೆ ಅಂಗೈ ಬಡಿದಳು. ಬಿಸ್ಕತ್ತಿನ ತಟ್ಟೆ ಹಾರಿತು. "ನಾಚ್ಕೆ ಆಗ್ಬೇಕು ನಿಂಗೆ! ಸತ್ತೋಳು ಎದ್ದು ಬಂದು ಉತ್ತರ ಹೇಳ್ತಾಳಾ? ಒಂದು ಮನೆಗೋಸ್ಕರ ಅವಳ ಮೈಮೇಲೆ ಇಂಥದ್ದೆಲ್ಲ ಹೊರಿಸ್ತೀಯಾ? ಚರ್ಚಿನ ಶಾಲೇಲಿ ಕೆಲ್ಸ ಮಾಡಿದೋಳು ಅವಳು! ನನ್ನ ಕಾರ್ಮೈನ್ ಆತ್ಮದ ಮೇಲಾಣೆ, ಮೇವಿಸ್ ಅಂಥೋಳಲ್ಲ!"

ಬರ್ನಡೀನ್ ಏರನ್‌ನ ಕಡೆ ತಿರುಗಿದಳು. ಒಂದು ಫೋಟೋ ಇದೆಯೇ ಎಂದು ಅವನು ಕೇಳಿದ. ಇಬ್ಬರೇ ಇರುವ ಒಂದು ಫೋಟೋ ಸಾಕು ಎಂದ. ಇರಲಿಲ್ಲ. ಇದ್ದ ಫೋಟೋಗಳಲ್ಲೆಲ್ಲ ನಡುವೆ ಹಲ್ಲು ಕಿರಿದು ನಿಂತವಳು ಅಸುಂತಾ. ಏರನ್ ತನ್ನ ಕುರ್ಚಿಯನ್ನು ಒಂದಿಷ್ಟು ಆಚೆ ಸರಿಸಿಕೊಂಡ.

"ನಮ್ಮಂಥೋರು ಈ ಒಂದು ಮಾತು ಹೇಳೋಕೆ ಏನೇನು ಕಳ್ಕೊಂಡಿದೀವಿ ನಿಮಗೆ ಗೊತ್ತಾ ಬರ್ನಡೀನ್ ಅವರೇ?" ಎಂದ. "ನಮ್ಮಪ್ಪ ಸಾಯೋವರೆಗೂ ನನ್ ಜೊತೆ ಮಾತಾಡ್ಲಿಲ್ಲ. ನೀವು ಅದನ್ನ ಬಾಗಿಲು ತೆಗೆಯೋ ಕೀಲಿ ಮಾಡ್ಕೊಂಡ್ರಲ್ಲ. ನಾನೊಬ್ಬ ಪೆದ್ದ, ಅತ್ತೂಬಿಟ್ಟೆ."

ಬೋರ್ಡು ಕಾರಣ ಹೇಳುವ ಪದ್ಧತಿ ಇಲ್ಲಿಲ್ಲ. ಆಗದು ಎಂದರು, ಎದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮರುದಿನ ಗಡ್ಡದವನೂ ಅವನ ಹೆಂಡತಿಯೂ ಮನೆ ತಮಗಿರಲಿ ಎಂದು ಹೇಳಿ ಕಳಿಸಿದರು. ಅವರನ್ನು ಕರೆದು ಮಾತಾಡಿಸಲು ಬೋರ್ಡು ಕೂಡಲೇ ಒಪ್ಪಿತು. ಮಾರಿಸೋಲ್ ಫೋನಿನಲ್ಲಿ ತಾನೇ ಅತ್ತಳು. "ಆ ಮುದುಕಿ ಬಾಯಿಗೆ ಹುಳ ಬೀಳ," ಎಂದು ಅಸುಂತಾಗೆ ಶಾಪ ಹಾಕಿದಳು.

ಶನಿವಾರ ಮಧ್ಯಾಹ್ನ ಅಸುಂತಾ ಬಾಗಿಲು ತಟ್ಟಿದಳು. ಬರ್ನಡೀನ್ ತೆಗೆಯಲಿಲ್ಲ. ಅಸುಂತಾ ತಟ್ಟುತ್ತಲೇ ಇದ್ದಳು. ಆ ಹೆಂಗಸು ಹಟಕ್ಕೆ ಬಿದ್ದರೆ ಬಾಗಿಲೇ ಸೋಲಬೇಕು. ಕೊನೆಗೆ ಬರ್ನಡೀನ್ ಬಯ್ಯುವುದಕ್ಕೆಂದೇ ಬಾಗಿಲು ತೆಗೆದಳು. ಅಸುಂತಾ ಕೈಯಲ್ಲಿ ಬಟ್ಟೆ ಸುತ್ತಿದ ಬಿಸಿ ಪಾತ್ರೆ, ಬದನೆಕಾಯಿ ಬೇಯಿಸಿದ್ದು. ಮುಖಕ್ಕೆ ಎರಡು ದಿನದಲ್ಲಿ ಹತ್ತು ವರ್ಷ ವಯಸ್ಸಾಗಿತ್ತು.

"ಅದನ್ನ ತಗೊಂಡ್ಹೋಗಿ ನಿನ್ನ ಏರನ್‌ಗೆ ತಿನ್ಸು," ಎಂದಳು ಬರ್ನಡೀನ್.

"ಬಯ್ಯಿ. ಒಳಗೆ ಬಿಟ್ಟು ಬಯ್ಯಿ. ಕೈ ಸುಡ್ತಿದೆ."

ಒಳಗೆ ಬಂದು ಪಾತ್ರೆ ಇಟ್ಟು ಅಸುಂತಾ ಕುಳಿತಳು. ಬರ್ನಡೀನ್ ನಿಂತೇ ಇದ್ದಳು. "ನಲವತ್ತು ವರ್ಷ ನನ್ ಕಾಫಿ ಕುಡಿದು ನನ್ನ ಸುಳ್ಳುಗಾತಿ ಮಾಡಿದೆ. ಆಗ್ಲಿ, ನಿಂಗೆ ಗೊತ್ತಿರ್ಲಿಲ್ಲ. ಆದ್ರೆ ನಾನು ಎದ್ದು ನಿಂತು ಹೇಳಿದ ಮೇಲಾದ್ರೂ…"

"ಗೊತ್ತಿತ್ತು."

"ಏನು?"

"ಎಲ್ಲಾ ಗೊತ್ತಿತ್ತು ಕಣೇ ಬರ್ನಿ, ನೀವು ಬಂದ ಮೊದಲ ವರ್ಷದಿಂದ. ಗೋಡೆ ದಪ್ಪ ಅಂತ ನಂಬ್ಕೊಂಡಿದ್ರಿ, ಇಬ್ರೂ ಪೆದ್ದಿಗಳು. ನಿಮ್ಮ ಬಚ್ಚಲ ಕಿಟಕಿ ನಮ್ಮ ಬಚ್ಚಲ ಕಿಟಕಿ ಒಂದೇ ಗಾಳಿಗಂಡಿಗೆ ತೆರೆಯುತ್ತೆ. ಅಕ್ಕತಂಗೀರು ಹಂಗೆ ಜಗಳ ಆಡಲ್ಲ, ಗಂಡಹೆಂಡ್ತಿ ಆಡ್ತಾರೆ. ಟೂತ್‌ಪೇಸ್ಟಿನ ಮುಚ್ಚಳಕ್ಕೆ ಅರ್ಧ ಗಂಟೆ! ಕಾರ್ಮೈನೂ ನಾನೂ ಕೇಳ್ಕೊಂಡು ನಗ್ತಿದ್ವಿ. ಇಲ್ಲದೆ ಇರೋ ಅಜ್ಜಿಗೆ ಪೂಜೆ ಮಾಡಿಸಿದ್ನಲ್ಲೇ, ದೇವರು ಏನಂದ್ಕೊಂಡ್ನೋ."

ಬರ್ನಡೀನ್ ಸೋಫಾದ ತುದಿಯಲ್ಲಿ ಕುಳಿತಳು. "ಮತ್ತೆ ಯಾಕೆ? ಅಸುಂತಾ, ಮತ್ತೆ ಯಾಕೇ?"

ಅಸುಂತಾ ಶಿಲುಬೆಯನ್ನು ಹಿಡಿದುಕೊಂಡಳು. "ಆಸ್ಪತ್ರೇಲಿ, ನೀನು ಟೀ ತರೋಕೆ ಕೆಳಗಿಳಿದಿದ್ದೆ. ನನ್ನ ಕೈ ಹಿಡ್ಕೊಂಡ್ಳು. ಉಸಿರಾಡೋಕಾಗ್ತಿಲ್ಲ, ಆದ್ರೂ ಹಿಡಿತ ನೋಡ್ಬೇಕಿತ್ತು. ನಿಂಗೆ ಗೊತ್ತು ಅಂತ ನಂಗೊತ್ತು ಅಸುಂತಾ ಅಂದ್ಳು. ಆಣೆ ಮಾಡು ಅಂದ್ಳು. ಕಾರ್ಮೈನ್ ಆತ್ಮದ ಮೇಲೆ."

"ಏನಂತ? ಅವಳು ಹೇಳಿದ ಹಂಗೇ ಹೇಳು."

"ಬೇಡ ಬಿಡೇ."

"ಹೇಳು."

"'ಬರ್ನಿ ಬಾಯಿ ಸಡಿಲ. ನಾನು ಹೋದ್ಮೇಲೆ ಯಾರ ಮುಂದಾದ್ರೂ ಹೇಳ್ಬಿಡ್ತಾಳೆ. ನೀನು ಬಿಡಬೇಡ. ಅಲ್ಲ ಅನ್ನು. ನಾನು ಅವಳ ದೊಡ್ಡಮ್ಮನ ಮಗಳಾಗೇ ಮಣ್ಣಾಗ್ಬೇಕು.' ಅಷ್ಟೇ ಅಂದ್ಳು. ಆಮೇಲೆ ನೀನು ಟೀ ತಗೊಂಡು ಬಂದೆ."

ಬರ್ನಡೀನ್‌ಗೆ ಆ ಟೀ ನೆನಪಿತ್ತು. ಮೇವಿಸ್ ಒಂದು ಗುಟುಕು ಕುಡಿದು, ಸಕ್ಕರೆ ಜಾಸ್ತಿ ಎಂದಿದ್ದಳು. ಹಣೆ ಸವರಲು ಹೋದರೆ, ಅಸುಂತಾ ಇದಾಳೆ ಎಂದು ಕಣ್ಣಲ್ಲೇ ಗದರಿಸಿದ್ದಳು.

"ಮನೆ?" ಎಂದು ಕೇಳಿದಳು. "ಮನೆ ವಿಷ್ಯ ಏನಾದ್ರೂ ಅಂದ್ಳಾ?"

"ಮನೆ ನಿಂಗೆ ಬರೆದಾಗಿದೆ, ತೊಂದ್ರೆ ಇಲ್ಲ ಅಂದ್ಕೊಂಡಿದ್ಳು ಪಾಪ. ಬೋರ್ಡು ಹಿಂಗೆ ಮಾಡುತ್ತೆ ಅಂತ ಅವಳಿಗೇನು ಗೊತ್ತು?" ಅಸುಂತಾ ಎದ್ದು ಬಂದು ಅವಳ ಪಕ್ಕದಲ್ಲಿ ಕುಳಿತಳು. "ನೋಡು, ಎರಡು ದಿನದಿಂದ ನನ್ ಕಣ್ಣಿಗೆ ನಿದ್ದೆ ಇಲ್ಲ. ನಾನು ಆಣೆ ಮುರೀತೀನಿ. ಈಗ್ಲೇ ಮೇಲೆ ಹೋಗಿ ಏರನ್‌ಗೆ ಹೇಳ್ತೀನಿ, ನಾನೇ ಸುಳ್ಳು ಹೇಳಿದ್ದು ಅಂತ, ಗಾಳಿಗಂಡಿ ಕಥೆನೂ ಹೇಳ್ತೀನಿ. ಕಾರ್ಮೈನ್ ಆತ್ಮ ನರಕಕ್ಕೆ ಹೋದ್ರೆ ಹೋಗ್ಲಿ, ಅಲ್ಲಿ ಅವನ ಅಣ್ಣತಮ್ಮಂದಿರೆಲ್ಲ ಮೊದ್ಲೇ ಇದಾರೆ. ಮನೆ ಇನ್ನೂ ಕೈ ಬಿಟ್ಟು ಹೋಗಿಲ್ಲ. ಏಳು, ಜೊತೆಗೇ ಹೋಗೋಣ."

ನಿಜ, ಮನೆ ಇನ್ನೂ ಹೋಗಿರಲಿಲ್ಲ. ಎರಡು ಮಹಡಿ ಹತ್ತಿದರೆ ಸಾಕಿತ್ತು. ಅಸುಂತಾ ಅವಳ ಮೊಣಕೈ ಹಿಡಿದು ಎಳೆದಳು. ಬರ್ನಡೀನ್ ಅಲುಗಲಿಲ್ಲ.

"ಬೇಡ," ಎಂದಳು.

"ತಲೆ ಕೆಟ್ಟಿದೆಯಾ ನಿಂಗೆ? ಎಲ್ಲಿಗೆ ಹೋಗ್ತೀಯ?"

"ಎಲ್ಲಿಗಾದ್ರೂ. ನಾನು ಒಂದು ಸಲ ಕೇಳಿದೆ, ಅವಳು ಬೇಡ ಅಂದ್ಳು. ಹೆದ್ರಿಕೆಗೆ ಅಂದ್ಳು ಅಂತ ಇಷ್ಟು ದಿನ ಸಮಾಧಾನ ಮಾಡ್ಕೊಂಡಿದ್ದೆ. ಸಾಯೋವಾಗ ಇನ್ನೇನು ಹೆದ್ರಿಕೆ ಅಸುಂತಾ? ಸಾಯೋವಾಗ್ಲೂ ಬೇಡ ಅಂದು, ಅದಕ್ಕೆ ಆಣೆ ಬೇರೆ ಹಾಕಿಸ್ಕೊಂಡು ಹೋದ್ಳು. ಈಗ ಸತ್ತೋಳ ಕೈ ಹಿಡಿದು ಎಳ್ಕೊಂಡು ಹೋಗಿ ಆರನೇ ಮಹಡೀಲಿ ಮದ್ವೆ ಮಾಡ್ಕೊಳ್ಲಾ?"

"ಅವಳಿಗೆ ನೀನಂದ್ರೆ ಪ್ರಾಣ ಕಣೇ. ಆ ಗಾಳಿಗಂಡೀಲಿ ಜಗಳ ಒಂದೇ ಅಲ್ಲ ನಾನು ಕೇಳಿದ್ದು."

"ಪ್ರಾಣ ಇತ್ತು. ಇಲ್ಲ ಅಂತ ನಾನಂದ್ನಾ?"

ಅವಳು ಎದ್ದು ಮಾರಿಸೋಲ್‌ಗೆ ಫೋನ್ ಮಾಡಿದಳು. ಆ ಗಡ್ಡದವರಿಗೇ ಆಗಲಿ, ಬೇಗ ಮುಗಿಸು ಎಂದಳು. ಮಾರಿಸೋಲ್ ಏನೋ ಕೂಗಾಡುತ್ತಿದ್ದಳು. ಬರ್ನಡೀನ್ ಪೂರ್ತಿ ಕೇಳಿಸಿಕೊಂಡು, ಸೋಮವಾರ ಬಾ ಎಂದು ಹೇಳಿ ಫೋನ್ ಇಟ್ಟಳು. ಅಸುಂತಾ ತಟ್ಟೆ ಹುಡುಕಿ ಬದನೆಕಾಯಿ ಬಡಿಸಿ ಅವಳ ಮುಂದೆ ಇಟ್ಟಳು.

"ತಿನ್ನು. ಮೊದ್ಲು ಅತ್ತುಬಿಡು, ಆಮೇಲೆ ತಿನ್ನು. ಅಳದೆ ಹಿಂಗೆ ಕೂತ್ರೆ ಎದೆ ಒಡೆಯುತ್ತೆ."

"ಯಾರಾಗಿ ಅಳ್ಲಿ?" ಎಂದು ಕೇಳಿದಳು ಬರ್ನಡೀನ್. ಗೇಲಿಯಲ್ಲ, ಜಗಳವಲ್ಲ, ಗೊತ್ತಿಲ್ಲದ್ದನ್ನು ಕೇಳುವಂತೆ ಕೇಳಿದಳು. "ನೀನೇ ಹೇಳು, ಚಿಕ್ಕಮ್ಮನ ಮಗಳು ಎಷ್ಟು ಅಳ್ಬೇಕೋ ಅಷ್ಟು ಅವತ್ತೇ ಅತ್ತಾಯ್ತಲ್ಲ."

ಇಬ್ಬರೂ ತಟ್ಟೆಯ ಮುಂದೆ ಕುಳಿತೇ ಇದ್ದರು, ಬದನೆಕಾಯಿ ಆರಿ ತಣ್ಣಗಾಯಿತು.